ಸ್ಮಾರ್ಟ್ ಸ್ಕೇಲಾ, ಡೆಕ್ಸಾನಾ, ಟೇಪಾ? ಎಲ್ಲದರಲ್ಲೂ ಅಳೆಸಿಕೊಂಡು ನೋಡಿದೆ

ನನ್ನ ಎತ್ತರ 170 ಸೆಂ.ಮೀ, ತೂಕ 68 ಕೆಜಿ. ಮೈಯಲ್ಲಿ ಕೊಬ್ಬು ಎಷ್ಟಿದೆ ಅಂದರೆ ಮನೆಯ ಸ್ಮಾರ್ಟ್ ಸ್ಕೇಲ್ (ತೂಕದ ಜೊತೆ ಕೊಬ್ಬನ್ನೂ ಹೇಳುವ ಯಂತ್ರ) ಶೇ 21 ಅನ್ನುತ್ತದೆ, ಕತ್ತು ಮತ್ತು ಹೊಟ್ಟೆ ಅಳೆದು ಹಾಕುವ ಲೆಕ್ಕ ಶೇ 24 ಅನ್ನುತ್ತದೆ, ಎಕ್ಸ್‌ರೇಯಿಂದ ಅಳೆಯುವ ಡೆಕ್ಸಾ ಸ್ಕ್ಯಾನ್ ಶೇ 29 ಅನ್ನುತ್ತದೆ. ಮೂರೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ತೆಗೆದ ಅಳತೆಗಳು. ಯಾವುದನ್ನು ನಂಬೋದು? ಎಲ್ಲ ನೋಡಿದ ಮೇಲೆ ನನ್ನ ಉತ್ತರ ಟೈಲರ್ ಟೇಪು, ಅದೂ ಕೊಬ್ಬಿನ ಶೇಕಡಾ ಲೆಕ್ಕಕ್ಕಲ್ಲ, ಬರೀ ಹೊಟ್ಟೆ ಸುತ್ತಳತೆಗೆ.

ಮೊದಲು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಂಕಿ, ಯಾಕೆಂದರೆ ಎಲ್ಲರೂ ಶುರು ಮಾಡೋದು ಅಲ್ಲಿಂದಲೇ. ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯ್ತು. ನನ್ನದು 23.5. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25ರ ಒಳಗಿದ್ದರೆ ಸರಿ, ಹಾಗಾಗಿ ನಾನು ಪಾಸ್. ಆದರೆ ಭಾರತೀಯರಿಗೆ ಅಂತ ನಮ್ಮ ತಜ್ಞರು 2009ರಲ್ಲಿ ಹಾಕಿಕೊಟ್ಟ ಗೆರೆ 23. ಆ ಪಟ್ಟಿಯಲ್ಲಿ ಅದನ್ನು ದಾಟಿದರೆ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು. ಹೊರದೇಶದ ಎಷ್ಟೋ ಆ್ಯಪ್‌ಗಳು 25ರ ಲೆಕ್ಕದಲ್ಲೇ ಹಸಿರು ಬಣ್ಣ ತೋರಿಸುತ್ತವೆ, ಅದನ್ನು ನೋಡಿ ನಮ್ಮವರು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ನನಗೆ ಬೇಜಾರಾಗೋದು ಅದಕ್ಕೇ.

ಈ ಗೆರೆ ಯಾಕೆ ಕೆಳಗಿದೆ ಅಂತ ತಿಳಿಯಬೇಕಾದರೆ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಫೋಟೋ ನೋಡಬೇಕು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ಅಂದರೆ ಅದೇ ಬಿಎಂಐಯಲ್ಲೂ ನಮ್ಮವರ ಮೈಯಲ್ಲಿ ಕೊಬ್ಬು ಜಾಸ್ತಿ ಇರಬಹುದು: ಕೈಕಾಲು ಸಣ್ಣ, ಸ್ನಾಯು ಕಡಿಮೆ, ಕೊಬ್ಬು ಹೆಚ್ಚಾಗಿ ಹೊಟ್ಟೆಯಲ್ಲಿ. ನಮ್ಮ ಮನೆಗಳಲ್ಲಿ ಇಂಥ ಮೈಕಟ್ಟು ಎಷ್ಟು ಜನರದ್ದು ಅಲ್ವಾ. ಬಿಎಂಐಗೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ, ಅದಕ್ಕೆ ಬೇಕಾಗಿರೋದು ಬರೀ ತೂಕ.

ಇನ್ನು ಸ್ಮಾರ್ಟ್ ಸ್ಕೇಲ್. ಬರಿಗಾಲಲ್ಲಿ ನಿಂತರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಸಣ್ಣ ಕರೆಂಟ್ ಹರಿಸುತ್ತದೆ. ನೀರಿರುವ ಸ್ನಾಯುವಿನಲ್ಲಿ ಅದು ಸುಲಭವಾಗಿ ಹರಿಯುತ್ತದೆ, ಕೊಬ್ಬು ಅದನ್ನು ತಡೆಯುತ್ತದೆ. ಆ ತಡೆಯ ಜೊತೆಗೆ ನೀವು ಕೊಟ್ಟ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನೋದನ್ನೆಲ್ಲ ಸೇರಿಸಿ ಒಂದು ಅಂದಾಜು ಹೇಳುತ್ತದೆ. ನಾನು ಬೇಕೆಂದೇ ಆ್ಯಪ್‌ನಲ್ಲಿ ವಯಸ್ಸು ಬದಲಾಯಿಸಿ ನೋಡಿದೆ, ಅದೇ ಮೈ, ಅದೇ ನಿಮಿಷ, ಕೊಬ್ಬಿನ ಅಂಕಿ ಬೇರೆ ಬಂತು. ಬೆಳಿಗ್ಗೆಗೂ ಸಂಜೆಗೂ ವ್ಯತ್ಯಾಸ, ಮದುವೆ ಊಟ ಮಾಡಿದ ಮರುದಿನ ಇನ್ನೊಂದು ಥರ. ಕರೆಂಟ್ ಮುಖ್ಯವಾಗಿ ಹರಿಯೋದು ಕಾಲುಗಳಲ್ಲಿ, ಹಾಗಿರುವಾಗ ಹೊಟ್ಟೆಯೊಳಗಿನ ಕೊಬ್ಬು ಇಷ್ಟು ಅಂತ ತೋರಿಸುವ ಅಂಕಿಯನ್ನು ನಾನಂತೂ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಹಾಗಂತ ಎಸೆಯಬೇಕಾಗಿಲ್ಲ. ಬೆಳಿಗ್ಗೆ ಎದ್ದು ಟಾಯ್ಲೆಟ್‌ಗೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು ನಿಂತು ನೋಡಿದರೆ ತಿಂಗಳುಗಳ ಏರಿಳಿತ ಚೆನ್ನಾಗಿ ಗೊತ್ತಾಗುತ್ತದೆ. ಪೇಸ್‌ಮೇಕರ್ ಇರುವವರು ಮಾತ್ರ ಇದರ ಮೇಲೆ ನಿಲ್ಲಬೇಡಿ.

ಜಿಮ್‌ನಲ್ಲಿ ಕ್ಯಾಲಿಪರ್ ಹಿಡಿದು ಚರ್ಮ ಚಿವುಟಿ ಅಳೆಯುತ್ತಾರಲ್ಲ, ಅದು ಪೂರ್ತಿ ಅಳೆಯುವವರ ಕೈಯ ಮೇಲೆ ನಿಂತಿದೆ. ಇಬ್ಬರು ಟ್ರೈನರ್‌ಗಳು ಎರಡು ಅಂಕಿ ಕೊಟ್ಟರು. ಚರ್ಮದ ಕೆಳಗಿನ ಕೊಬ್ಬು ಮಾತ್ರ ಸಿಗುತ್ತದೆ, ಒಳಗಿನದು ಸಿಗಲ್ಲ. ನನಗೆ ಬೇಡ ಅನ್ನಿಸಿತು.

ಡೆಕ್ಸಾ ನಿಜಕ್ಕೂ ಒಳ್ಳೆಯದು. ಮೇಜಿನ ಮೇಲೆ ಕೆಲವು ನಿಮಿಷ ಮಲಗಿದರೆ ಸಾಕು. ಎರಡು ಬಗೆಯ ಎಕ್ಸ್‌ರೇ ಶಕ್ತಿ ಬಳಸಿ ಮೂಳೆ, ಕೊಬ್ಬು, ಉಳಿದದ್ದು ಅಂತ ಬಿಡಿಸಿ ಕೊಡುತ್ತದೆ, ಕೈಯಲ್ಲೆಷ್ಟು, ಕಾಲಲ್ಲೆಷ್ಟು, ನಡುಭಾಗದಲ್ಲೆಷ್ಟು ಅಂತಲೂ ಹೇಳುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಇದನ್ನು ಮೂಳೆ ಸವೆತ ನೋಡಲು ಬರೆದುಕೊಡುತ್ತಾರೆ, ಹಾಗಾಗಿ ಇಡೀ ಮೈಯ ಕೊಬ್ಬಿನ ಸ್ಕ್ಯಾನ್ ಬೇಕು ಅಂತ ಮೊದಲೇ ಕೇಳಿ. ಕೆಲವು ಸಾವಿರ ರೂಪಾಯಿ ಬೇಕು, ಊರೂರಲ್ಲಿ ಸಿಗಲ್ಲ, ಒಂದು ಮಷಿನ್‌ನ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಲೂ ಆಗಲ್ಲ. ಬಸುರಿಯರಿಗೆ ಬೇಡವೇ ಬೇಡ.

ಆದರೆ ಆ ಶೇ 29ರ ರಿಪೋರ್ಟ್‌ನಲ್ಲಿ ಕೊಬ್ಬಿನ ಹೆಚ್ಚಿನ ಪಾಲು ನಡುಭಾಗದಲ್ಲಿ ಅಂತ ಬಂದದ್ದನ್ನು ನನ್ನ ಟೇಪು ಆಗಲೇ ಹೇಳಿತ್ತು. ಹೊಟ್ಟೆ ಸುತ್ತಳತೆ 92 ಸೆಂ.ಮೀ. ಭಾರತೀಯ ಗಂಡಸರಿಗೆ ಗೆರೆ 90, ಹೆಂಗಸರಿಗೆ 80. ಎತ್ತರದ ಅರ್ಧಕ್ಕಿಂತ ಹೊಟ್ಟೆ ಕಡಿಮೆ ಇರಬೇಕು ಅನ್ನುವ ಇನ್ನೊಂದು ಲೆಕ್ಕದಲ್ಲೂ ನಾನು 85ರ ಒಳಗಿರಬೇಕಿತ್ತು. ಟೇಪೂ ಇಲ್ಲದಿದ್ದರೆ ಎತ್ತರದಷ್ಟು ದಾರ ತಗೊಂಡು ಅರ್ಧಕ್ಕೆ ಮಡಚಿ ಹೊಟ್ಟೆಗೆ ಸುತ್ತಿ, ತುದಿ ಕೂಡದಿದ್ದರೆ ಗೊತ್ತಾಯ್ತಲ್ಲ. ಅಳೆಯೋದು ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಹೊಟ್ಟೆ ಒಳಗೆಳೆಯದೆ, ಉಸಿರು ಸಹಜವಾಗಿ ಬಿಟ್ಟ ಮೇಲೆ. ಹೊಟ್ಟೆಯ ಕೆಳಗೆ ಬೆಲ್ಟ್ ಕಟ್ಟುವವರಿಗೆ ಪ್ಯಾಂಟ್ ಸೈಜ್ ವರ್ಷಗಟ್ಟಲೆ 34ರಲ್ಲೇ ಇರುತ್ತದೆ, ಹೊಟ್ಟೆ ಬೆಳೆಯುತ್ತಲೇ ಇರುತ್ತದೆ.

ಟೇಪಿನ ಮಹತ್ವ ನನಗೆ ಪೂರ್ತಿ ಅರ್ಥವಾದದ್ದು ಅಮ್ಮನಿಂದ. 150 ಸೆಂ.ಮೀ ಎತ್ತರ, 50 ಕೆಜಿ, ಬಿಎಂಐ 22.2. ನೋಡಿದವರೆಲ್ಲ ಎಷ್ಟು ಸಣ್ಣಗಿದ್ದೀರಿ, ಚೆನ್ನಾಗಿ ತಿನ್ನಿ ಅಂತಲೇ ಹೇಳೋದು. ಸುತ್ತಳತೆ ನೋಡಿದರೆ 84. ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿದೆವು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿ) 6.1 ಬಂತು, ಅಂದರೆ ಶುಗರ್‌ನ ಹೊಸ್ತಿಲು. ಅವರಿಗೆ ಡಾಕ್ಟರ್ ತೂಕ ಇಳಿಸಿ ಅಂತ ಹೇಳಲೇ ಇಲ್ಲ. ಅನ್ನ ಸ್ವಲ್ಪ ಕಡಿಮೆ ಮಾಡಿ, ಕಾಳು, ಮೊಸರು ಜಾಸ್ತಿ ತಗೊಳ್ಳಿ, ಊಟ ಆದ ಮೇಲೆ ನಡೆಯಿರಿ, ಕೈಕಾಲಿಗೆ ಬಲ ಬರುವ ವ್ಯಾಯಾಮ ಮಾಡಿ ಅಂದರು. ಈಗ ನಾವು ತಿಂಗಳಿಗೊಮ್ಮೆ ನೋಡೋದು ಅಮ್ಮನ ತೂಕ ಅಲ್ಲ, ಹೊಟ್ಟೆ ಸುತ್ತಳತೆ.

ಈ ಗೆರೆಗಳೆಲ್ಲ ದೊಡ್ಡವರಿಗೆ ಮಾತ್ರ. ಮಕ್ಕಳ ಬೆಳವಣಿಗೆಗೆ ಬೇರೆ ಚಾರ್ಟ್ ಇದೆ, ಅದನ್ನು ಮಕ್ಕಳ ಡಾಕ್ಟರ್ ಹತ್ತಿರವೇ ನೋಡಿಸಿ.