ಐಸ್‌ಕ್ರೀಂ ಡಬ್ಬಗಳ ಗೋಡೆ: ಬಾಂಡುಂಗ್‌ನ ಮೈಕ್ರೋಲೈಬ್ರರಿ ಬೀಮಾ

ಪರಿಸರಸ್ನೇಹಿ ಎಂಬ ಹಣೆಪಟ್ಟಿ ಹೊತ್ತ ಎಷ್ಟೋ ಕಟ್ಟಡಗಳಲ್ಲಿ ಮರುಬಳಕೆಯ ಸಾಮಾನು ಬರೀ ಅಲಂಕಾರಕ್ಕೆ ಕೂತಿರುತ್ತದೆ. ಇಂಡೋನೇಷ್ಯಾದ ಬಾಂಡುಂಗ್ ನಗರದ ಬೀಮಾ ಉದ್ಯಾನದಲ್ಲಿ 2016ರಲ್ಲಿ ಎದ್ದ ಈ ಪುಟ್ಟ ಗ್ರಂಥಾಲಯದ ಮಾತು ಬೇರೆ. ಇಲ್ಲಿನ ಸುಮಾರು 2000 ಹಳೆಯ ಐಸ್‌ಕ್ರೀಂ ಡಬ್ಬಗಳಿಗೆ ಮೈತುಂಬ ಕೆಲಸ.

ಕಟ್ಟಡದ ಒಟ್ಟು ವಿಸ್ತೀರ್ಣ 160 ಚದರ ಮೀಟರ್, ಅಂದರೆ 1700 ಚದರ ಅಡಿಯ ಆಸುಪಾಸು. ವಿನ್ಯಾಸ ಶೌ ಎಂಬ ವಾಸ್ತುಶಿಲ್ಪ ಸಂಸ್ಥೆಯದು. ಇಂಗ್ಲಿಷಿನ I ಅಕ್ಷರದ ಆಕಾರದ ಉಕ್ಕಿನ ತೊಲೆಗಳ ಚೌಕಟ್ಟು, ಕಾಂಕ್ರೀಟಿನ ನೆಲ. ಅಲ್ಲಿ ಮೊದಲೇ ಇದ್ದ ವೇದಿಕೆಯನ್ನು ಕೆಡವದೆ ಅದರ ತಲೆಯ ಮೇಲೇ ಓದುವ ಕೋಣೆಯನ್ನು ಎತ್ತಿ ಕೂರಿಸಿದ್ದಾರೆ. ಹಾಗಾಗಿ ಜನ ಸೇರುತ್ತಿದ್ದ ಜಾಗ ಉಳಿಯಿತು, ಅದಕ್ಕೆ ನೆರಳೂ ಸಿಕ್ಕಿತು. ವೇದಿಕೆಗೆ ಹೊಸ ಕಾಂಕ್ರೀಟು ಹಾಕಿ ಅಗಲವಾದ ಮೆಟ್ಟಿಲು ಸೇರಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಡಬ್ಬಗಳಿಗಿಂತ ಜಾಣ ನಿರ್ಧಾರ ಇದೇ.

ಇನ್ನು ಗೋಡೆ. ನೆಲದಿಂದ ಚಾವಣಿಯವರೆಗೆ ನಿಂತ ಉಕ್ಕಿನ ಪಟ್ಟಿಗಳ ನಡುವೆ ಡಬ್ಬಗಳನ್ನು ಸಾಲಾಗಿ ಸಿಕ್ಕಿಸಿದ್ದಾರೆ. ಕೆಲವಕ್ಕೆ ತಳ ಕತ್ತರಿಸಿದ್ದಾರೆ, ಉಳಿದವಕ್ಕೆ ತಳ ಹಾಗೇ ಇದೆ. ತಳವಿಲ್ಲದವು ಗಾಳಿ ಬಿಡುತ್ತವೆ. ತಳವಿರುವವು ಬಿಸಿಲನ್ನು ಸೋಸಿ ಹಾಲುಬಣ್ಣದ ಬೆಳಕಾಗಿ ಒಳಗೆ ಹರಡುತ್ತವೆ. ಹೀಗಾಗಿ ಎಸಿ ಇಲ್ಲದೆ, ಹಗಲು ದೀಪದ ಹಂಗಿಲ್ಲದೆ ಓದಬಹುದು. ಎಲ್ಲ ಡಬ್ಬಗಳೂ ಹೊರಕ್ಕೆ ಓರೆಯಾಗಿರುವುದರಿಂದ ಮಳೆನೀರು ಹೊರಗೇ ಜಾರುತ್ತದೆ. ಬಿರುಮಳೆಗೆ ಈ ಓರೆ ಸಾಲದು, ಎರಚಲು ಬಂದೇ ಬರುತ್ತದೆ. ಅದಕ್ಕೆಂದೇ ಒಳಬದಿಗೆ ಅರೆಪಾರದರ್ಶಕ ಜಾರುಬಾಗಿಲುಗಳಿವೆ.

ತಳ ಇರುವ, ಇಲ್ಲದ ಡಬ್ಬಗಳ ಜೋಡಣೆಯಲ್ಲೊಂದು ಗುಟ್ಟೂ ಇದೆ. ಅಕ್ಷರಗಳನ್ನು ಸೊನ್ನೆ, ಒಂದುಗಳಲ್ಲೇ ಬರೆಯುವ ಕಂಪ್ಯೂಟರಿನ ಬೈನರಿ ಸಂಕೇತ ಇದು: ತೆರೆದದ್ದು ಸೊನ್ನೆ, ಮುಚ್ಚಿದ್ದು ಒಂದು. ಮೇಲಿನಿಂದ ಶುರುಮಾಡಿ ಕಟ್ಟಡವನ್ನು ಸುತ್ತುತ್ತಾ ಓದಿದರೆ ‘ಪುಸ್ತಕಗಳು ಜಗತ್ತಿನ ಕಿಟಕಿಗಳು’ ಎಂಬ ಅರ್ಥದ ಇಂಡೋನೇಷ್ಯನ್ ಮಾತು ಮತ್ತೆ ಮತ್ತೆ ಬರುತ್ತದೆ. ಕೆಳಗೆ ನಿಂತು ಇದನ್ನು ಓದುವವರು ಯಾರೂ ಇರಲಿಕ್ಕಿಲ್ಲ. ಆದರೆ ಎಲ್ಲಿ ತೂತು, ಎಲ್ಲಿ ಮುಚ್ಚು ಎಂಬ ಪ್ರಶ್ನೆಗೆ ಮನಸ್ಸಿಗೆ ಬಂದಂತೆ ಚುಕ್ಕಿ ಇಡುವುದಕ್ಕಿಂತ ಇದು ವಾಸಿ.

ಇದನ್ನು ನೋಡಿ ನಾವೂ ಕಟ್ಟೋಣ ಎನ್ನುವವರು ಕೆಲವು ವಿಷಯ ಗಮನಿಸಬೇಕು. ಇಂಥ ಡಬ್ಬಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಬಿಸಿಲಿನ ನೇರಳಾತೀತ ಕಿರಣಕ್ಕೆ ಅವು ವರ್ಷಗಳಲ್ಲಿ ಪುಡಿಪುಡಿಯಾಗುತ್ತವೆ, ಅಂಚಿನಲ್ಲಿ ಮೊದಲು ಬಿರುಕು ಬಿಡುತ್ತವೆ. ಆದ್ದರಿಂದ ಒಂದು ಡಬ್ಬವನ್ನು ಬಿಚ್ಚಲು ಇಡೀ ಸಾಲನ್ನು ಬಿಚ್ಚಬೇಕಾಗದಂತೆ ಜೋಡಿಸಿ, ಅದೇ ಅಳತೆಯ ಡಬ್ಬಗಳನ್ನು ಹತ್ತಕ್ಕೊಂದರಂತೆ ಹೆಚ್ಚಾಗಿ ಎತ್ತಿಡಿ. ಕಂಪನಿ ಡಬ್ಬದ ಆಕಾರ ಬದಲಿಸಿತೆಂದರೆ ಆಮೇಲೆ ಹೊಂದುವುದು ಸಿಗುವುದಿಲ್ಲ. ತಳವನ್ನು ಚಾಕುವಿನಲ್ಲಿ ಕೊಯ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ, ದುಂಡಗೆ ಕೊರೆಯುವ ಹೋಲ್ ಸಾ ಬಳಸಿ. ಕಾಗದದ ಪಕ್ಕದಲ್ಲೇ ಪ್ಲಾಸ್ಟಿಕ್ಕು ಇರುವುದರಿಂದ ಬೆಂಕಿ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ.

ಗಾಳಿಗೆ ತೆರೆದ ಕೋಣೆಯಲ್ಲಿ ಪುಸ್ತಕಗಳದ್ದೇ ದೊಡ್ಡ ತಲೆನೋವು. ತೇವಾಂಶ ಶೇ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡಿದರೆ ಅದು ನಿಧಾನವಾಗುತ್ತದೆ, ಆದರೆ ಕಪಾಟನ್ನು ಗೋಡೆಗೆ ಒತ್ತಿ ಇಟ್ಟಲ್ಲಿ ಗಾಳಿಯೇ ಆಡುವುದಿಲ್ಲ. ಹಿಂದೆ ಕನಿಷ್ಠ 5 ಸೆಂ.ಮೀ. ಸಂದು ಬಿಡಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಅಪರೂಪದ ಪ್ರತಿಗಳನ್ನು ಇಂಥಲ್ಲಿ ಇಡಲೇಬೇಡಿ. ಕೈಯಿಂದ ಕೈಗೆ ಓಡಾಡುವ ಮಕ್ಕಳ ಪುಸ್ತಕ, ಪತ್ರಿಕೆಗಳಿಗೆ ಈ ಜಾಗ ಹೇಳಿ ಮಾಡಿಸಿದ್ದು.

ಎತ್ತರಿಸಿ ಕಟ್ಟುವಾಗ ಗಾಲಿಕುರ್ಚಿಗೆ ದಾರಿ ಎಲ್ಲಿಂದ ಎಂಬುದನ್ನು ನಕ್ಷೆಯಲ್ಲೇ ಬಗೆಹರಿಸಿಕೊಳ್ಳಬೇಕು. ಇಳಿಜಾರಾದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಸಣ್ಣ ಪಾರ್ಕಿನಲ್ಲಿ ಅದು ಹೊಂದುವುದು ಕಷ್ಟ. ಶಬ್ದದ್ದು ಇನ್ನೊಂದು. ಗಾಳಿ ನುಗ್ಗುವ ತೂತಿನಲ್ಲಿ ಸದ್ದೂ ನುಗ್ಗುತ್ತದೆ. ಕೆಳಗೆ ನಾಟಕದ ತಾಲೀಮು, ಮೇಲೆ ಪರೀಕ್ಷೆಯ ಓದು ಒಟ್ಟಿಗೆ ಸಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಹೊತ್ತು ಗೊತ್ತುಮಾಡಿ, ಮೆಟ್ಟಿಲ ಬುಡದಲ್ಲಿ ಬೋರ್ಡು ಹಾಕಿ.