ಪಾಲಿಸಿಎಂಜಿನ್: ಘೋಷಣೆಯ ಒಳಗಿನ ಲೆಕ್ಕ

'ತೆರಿಗೆದಾರರಿಗೆ ಬಂಪರ್' ಎಂಬ ತಲೆಬರಹ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ತೆರಿಗೆದಾರರಿಗೆ, ಎಷ್ಟು ಎಂದು ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಆ ಲೆಕ್ಕವನ್ನು ನಾವೇ ಹಾಕಿ ನೋಡಲು ಇರುವ ಉಚಿತ ತಾಣ ಪಾಲಿಸಿಎಂಜಿನ್. ಬ್ರಿಟನ್ ಮತ್ತು ಅಮೆರಿಕದ ತೆರಿಗೆ, ಭತ್ಯೆಗಳ ನಿಯಮಗಳನ್ನು ಇಲ್ಲಿ ಕೋಡ್ ರೂಪಕ್ಕೆ ಇಳಿಸಿದ್ದಾರೆ. ಆ ಕೋಡ್ ಕೂಡ ಎಲ್ಲರಿಗೂ ಮುಕ್ತ.

ಬ್ರಿಟನ್ನಿನಲ್ಲಿ ಆದಾಯ ತೆರಿಗೆಯ ವಿನಾಯಿತಿ ಮಿತಿ 2021ರಿಂದ 12,570 ಪೌಂಡಿನಲ್ಲೇ ನಿಂತಿದೆ. ಅದನ್ನು 15,000ಕ್ಕೆ ಏರಿಸಿದರೆ? ಕೇಳಲು ಬಡವರ ಪರವಾದ ಮಾತು. ಆದರೆ 12,570ಕ್ಕಿಂತ ಕಡಿಮೆ ದುಡಿಯುವವರಿಗೆ ಸಿಗುವುದು ಸೊನ್ನೆ. ಶೇ 20ರ ಹಂತದಲ್ಲಿರುವವರಿಗೆ ವರ್ಷಕ್ಕೆ ಹೆಚ್ಚೆಂದರೆ 486 ಪೌಂಡ್ ಉಳಿತಾಯ. ಶೇ 20ರ ಹಂತದ ಅಗಲವನ್ನು ಮುಟ್ಟದಿದ್ದರೆ, ಇಂಗ್ಲೆಂಡಿನಲ್ಲಿ ಶೇ 40ರ ಹಂತದಲ್ಲಿರುವ 60,000 ಪೌಂಡ್ ಸಂಬಳದವರಿಗೆ 972! ಆದಾಯದ ಪ್ರಕಾರ ಜನರನ್ನು ಹತ್ತು ಗುಂಪು ಮಾಡಿ, ಯಾವ ಗುಂಪಿಗೆ ಎಷ್ಟು ಲಾಭ ಎಂದು ತೋರಿಸುವ ಈ ತಾಣದ ಬಾರ್ ಚಾರ್ಟನ್ನು ನೋಡಿದವರು ಆ ಘೋಷಣೆಗೆ ಮತ್ತೆ ಚಪ್ಪಾಳೆ ತಟ್ಟುವ ಮೊದಲು ಯೋಚಿಸುತ್ತಾರೆ.

ನನಗೆ ಇನ್ನೂ ಹಿಡಿಸಿದ್ದು ಒಂದೇ ಕುಟುಂಬದ ಲೆಕ್ಕ ತೋರಿಸುವ ಪುಟ. ಆದಾಯ ಒಂದು ಲಕ್ಷ ಪೌಂಡ್ ದಾಟಿದ ಮೇಲೆ ಪ್ರತಿ ಎರಡು ಪೌಂಡಿಗೆ ಒಂದು ಪೌಂಡಿನಂತೆ ವಿನಾಯಿತಿ ಕರಗುತ್ತದೆ. ಹಾಗಾಗಿ ಇಂಗ್ಲೆಂಡಿನಲ್ಲಿ 1,25,140 ಪೌಂಡಿನವರೆಗೆ, ಹೆಚ್ಚುವರಿ ಗಳಿಕೆಯ ಮೇಲಿನ ಆದಾಯ ತೆರಿಗೆ ಶೇ 60ಕ್ಕೆ ಜಿಗಿಯುತ್ತದೆ. ಮಿತಿಯನ್ನು 15,000ಕ್ಕೆ ಏರಿಸಿದರೆ ಆ ದಿಬ್ಬ 1,30,000ದವರೆಗೆ ಚಾಚಿಕೊಳ್ಳುತ್ತದೆ. ಮಸೂದೆ ಬರೆಯುವವರಿಗೂ ಇದು ಸಲೀಸಾಗಿ ಹೊಳೆಯುವ ಸಂಗತಿಯಲ್ಲ.

ಆದರೆ ಇದನ್ನು ಭವಿಷ್ಯವಾಣಿ ಎಂದು ಓದಬಾರದು. ಲೆಕ್ಕಕ್ಕೆ ಆಧಾರ ಕುಟುಂಬಗಳ ಸಮೀಕ್ಷೆ. ಸಮೀಕ್ಷೆಗಳಲ್ಲಿ ಭಾರಿ ಶ್ರೀಮಂತರ ಆದಾಯ ಪೂರ್ತಿ ದಾಖಲಾಗುವುದಿಲ್ಲ. ಆಡಳಿತದ ಅಂಕಿಅಂಶಗಳಿಗೆ ಹೊಂದಿಸಿ ಅದನ್ನು ಸರಿದೂಗಿಸಲು ಯತ್ನಿಸಿದ್ದಾರೆ. ಜೊತೆಗೆ, ಮೊದಲಿಗೆ ತೋರಿಸುವ ಉತ್ತರದಲ್ಲಿ ತೆರಿಗೆ ಬದಲಾದರೂ ಜನ ತಮ್ಮ ದುಡಿಮೆಯನ್ನು ಬದಲಿಸುವುದಿಲ್ಲ. ದುಡಿಮೆಯ ಬದಲಾವಣೆಯನ್ನೂ ಸೇರಿಸುವ ಆಯ್ಕೆ ಬೇರೆ ಇದೆ, ಅಲ್ಲಿ ಯಾವ ಊಹೆ ತುಂಬುತ್ತೇವೋ ಅದರಂತೆ ಉತ್ತರ. ಬೆಲೆಯೇರಿಕೆ, ಕಂಪನಿಗಳ ನಡೆ, ಅಧಿಕಾರಿಗಳು ಅರ್ಜಿಯನ್ನು ವರ್ಷಗಟ್ಟಲೆ ಕೂರಿಸಿಕೊಳ್ಳುವುದು, ಇವೆಲ್ಲ ಈ ಚಿತ್ರಗಳ ಆಚೆಯವು.

ನಾವು ಮಾಡಿದ ಬದಲಾವಣೆಗೆ ಒಂದು ಕೊಂಡಿ ಸಿಗುತ್ತದೆ. ನನ್ನೊಡನೆ ಸದಾ ಜಗಳಕ್ಕೆ ನಿಲ್ಲುವ ಸಹೋದ್ಯೋಗಿಗೆ ಅದನ್ನು ಕಳುಹಿಸಿದೆ. ಅವರು ಬೈಯಲಿಲ್ಲ, ಒಂದು ದರವನ್ನು ಬದಲಿಸಿ, ತಮ್ಮ ಕೊಂಡಿಯನ್ನು ವಾಪಸು ಕಳುಹಿಸಿದರು.