ನೂಕುವ ಗರಗಸ, ಜಿಗ್‌ಸಾ, ಎಳೆಯುವ ಗರಗಸ: ಮರಗೆಲಸಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ಯಾವುದು?

ಮರಗೆಲಸ ಕಲಿಯಬೇಕೆಂದಿರುವ ಗೆಳತಿಯರು ನನ್ನನ್ನು ಮೊದಲು ಕೇಳುವುದು ಗರಗಸದ ವಿಷಯವನ್ನೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಎಳೆದು ಕೊಯ್ಯುವ ಜಪಾನೀ ಗರಗಸ ಕೊಳ್ಳಿ. ಅದರಲ್ಲೂ ಅಲಗಿನ ಎರಡೂ ಅಂಚಿಗೆ ಹಲ್ಲಿರುವ ರ್ಯೋಬಾ ಎಂಬ ಬಗೆ, 240 ಮಿಲಿಮೀಟರ್ ಅಳತೆಯದು. ಅಂಗಡಿಯಲ್ಲಿ ಸಿಗುವ ಮಾಮೂಲಿ ನೂಕುವ ಗರಗಸ ನನ್ನ ಬಳಿ ಇದೆ. ಭಾವನವರ ಜಿಗ್‌ಸಾ ಒಂದು ಮಳೆಗಾಲವಿಡೀ ನಮ್ಮ ಮನೆಯಲ್ಲೇ ಇತ್ತು; ಅದು ಸಣ್ಣ ಬ್ಲೇಡು ಮೇಲಕ್ಕೂ ಕೆಳಕ್ಕೂ ಆಡುವ ಕರೆಂಟಿನ ಗರಗಸ. ಮೂರನ್ನೂ ಒಂದೇ ಜಾಗದಲ್ಲಿ, ಒಂದೇ ಬಗೆಯ ಮರದ ಮೇಲೆ ಬಳಸಿದ ಮೇಲೆ ನನ್ನ ಕೈ ಹೋಗುವುದು ರ್ಯೋಬಾದ ಕಡೆಗೇ.

ಆ ಜಾಗ ಎಂಥದ್ದೆಂದು ತಿಳಿಸದೆ ಹೋಲಿಸಿದರೆ ನಿಮಗೆ ಉಪಯೋಗವಿಲ್ಲ. ಮೈಸೂರಿನಲ್ಲಿ ಬಾಡಿಗೆಯ ಮಹಡಿ ಮನೆ. ಗೋಡೆಗೆ ಆನಿಸಿದ ಒಂದು ಮೇಜು ಹಿಡಿಸುವಷ್ಟು ಅಗಲದ ಬಾಲ್ಕನಿ. ಕಚೇರಿಯಿಂದ ಬಂದು, ಅಡುಗೆ ಮುಗಿದ ಮೇಲೆ ಸಿಗುವ ಹೊತ್ತೇ ನನ್ನ ಹೊತ್ತು. ಕೆಳಗಿನ ಮನೆಯಲ್ಲಿ ಎಳೆ ಮಗುವಿದೆ. ಮರವೆಂದರೆ ಪ್ಯಾಕಿಂಗ್ ಪೆಟ್ಟಿಗೆ ಒಡೆದು ತೆಗೆದ ಪೈನ್ ಪಟ್ಟಿಗಳು, ಮತ್ತೆ ತವರುಮನೆಯಲ್ಲಿ ಕಳಚಿಟ್ಟಿದ್ದ ಹಳೆಯ ಬಾಗಿಲಿನ ಹಲಸಿನ ಹಲಗೆಗಳು. ಮಾಡುವುದು ಮಣೆ, ಪುಟ್ಟ ಕಪಾಟು, ಮಸಾಲೆ ಪೆಟ್ಟಿಗೆ ಇಂಥವನ್ನು. ದೊಡ್ಡ ಜಾಗ, ಹಗಲಿನ ಬಿಡುವು, ಗಟ್ಟಿ ಕೆಲಸದ ಮೇಜು ಇರುವವರ ತೀರ್ಪು ಬೇರೆಯೇ ಆಗಬಹುದು.

ಹೆಂಗಸರು ಮರಗೆಲಸ ಎಂದ ಕೂಡಲೇ ಸಿಗುವ ಸಲಹೆ ಒಂದೇ: ತೋಳಿನಲ್ಲಿ ಬಲ ಸಾಲುವುದಿಲ್ಲ, ಕರೆಂಟಿನ ಯಂತ್ರ ತೆಗೆದುಕೊಳ್ಳಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಚನ್ನಪಟ್ಟಣಕ್ಕೆ ಹೋದವರು ಕಂಡಿರುತ್ತೀರಿ, ಅಲ್ಲಿ ಹೆಣ್ಣುಮಕ್ಕಳು ಲೇತ್ ಮುಂದೆ ಕುಳಿತು ಹಾಲೆ ಮರವನ್ನು ತಿರುವಿ ಆಟಿಕೆ ಮಾಡುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ, ಆಮೇಲೆ ಒಣಗಿದ ಕೇದಿಗೆ ಜಾತಿಯ ಗರಿಯನ್ನು ಒತ್ತಿ ಹೊಳಪು ಬರಿಸುತ್ತಾರೆ. ಅಲ್ಲಿ ಕೆಲಸ ಮಾಡುವುದು ತೋಳಿನ ದಪ್ಪವಲ್ಲ, ಉಳಿಯನ್ನು ಯಾವ ಓರೆಯಲ್ಲಿ ಹಿಡಿಯಬೇಕೆಂಬ ತಿಳಿವಳಿಕೆ. ಗರಗಸದಲ್ಲೂ ಅಷ್ಟೆ. ನಮ್ಮ ಕೈ, ನಮ್ಮ ಎತ್ತರ, ನಮ್ಮ ಜಾಗಕ್ಕೆ ಹೊಂದುವ ಉಪಕರಣ ಸಿಕ್ಕರೆ ಬಲದ ಪ್ರಶ್ನೆ ಅರ್ಧಕ್ಕರ್ಧ ಕರಗುತ್ತದೆ.

ಮೊದಲು ನೂಕುವ ಗರಗಸ. ಹಾರ್ಡ್‌ವೇರ್ ಅಂಗಡಿಯಲ್ಲಿ 18 ಇಂಚಿನದನ್ನು ಕೇಳಿದಾಗ ಅಂಗಡಿಯವರು, "ಯಾರಿಗೆ ಮೇಡಂ? ಆಚಾರಿಯನ್ನೇ ಕಳುಹಿಸಿ, ಅವರು ನೋಡಿ ತೆಗೆದುಕೊಳ್ಳುತ್ತಾರೆ" ಎಂದರು. ನನಗೇ ಎಂದೆ. ಆಮೇಲೂ ಗರಗಸವನ್ನು ಕೈಗೆ ಕೊಡದೆ ಕಾಗದದಲ್ಲಿ ಸುತ್ತಲು ಹೊರಟರು. ಇದನ್ನು ಹೇಳುವುದಕ್ಕೆ ಕಾರಣವಿದೆ. ಗರಗಸವನ್ನು ಹಿಡಿದು ನೋಡದೆ ಕೊಳ್ಳಬಾರದು, ಅದರ ಹಿಡಿಯ ಅಳತೆಯೇ ಎಲ್ಲಕ್ಕಿಂತ ಮುಖ್ಯ. ಮೂರು ಬೆರಳು ಹಿಡಿಯ ಒಳಗೆ ತುಂಬಿಕೊಂಡು, ತೋರುಬೆರಳು ಅಲಗಿನ ದಿಕ್ಕಿಗೆ ಚಾಚಿ ನಿಲ್ಲಬೇಕು. ಈ ಗರಗಸದ ಪ್ಲಾಸ್ಟಿಕ್ ಹಿಡಿಯಲ್ಲಿ ನನ್ನ ನಾಲ್ಕು ಬೆರಳು ಹೊಕ್ಕರೂ ಇನ್ನೂ ಜಾಗ ಮಿಗುತ್ತದೆ. ಹಿಡಿ ಸಡಿಲವಾದರೆ ಮಣಿಕಟ್ಟು ಹೊರಳುತ್ತದೆ, ಮಣಿಕಟ್ಟು ಹೊರಳಿದರೆ ಅಲಗು ಗೆರೆ ಬಿಡುತ್ತದೆ. ಹತ್ತಿಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಹೊಲಿದ ಮೇಲೆ ಹಿಡಿ ಎಷ್ಟೋ ಸುಧಾರಿಸಿತು. ಆದರೂ ಕೊಂಡ ವಸ್ತುವನ್ನು ಮೊದಲ ದಿನವೇ ತಿದ್ದಬೇಕಾದರೆ ಅದು ನಮ್ಮಂಥವರನ್ನು ನೆನೆದು ಮಾಡಿದ್ದಲ್ಲ ಎಂದೇ ಅರ್ಥ.

ಇನ್ನೊಂದು ತೊಡಕು ಅದರ ಹುಟ್ಟಿನಲ್ಲೇ ಇದೆ. ತೆಳ್ಳಗಿನ ತಗಡನ್ನು ಹಿಂದಿನಿಂದ ನೂಕಿದರೆ ಅದು ಬಾಗುತ್ತದೆ. ಬಾಗದಿರಲೆಂದು ನೂಕುವ ಗರಗಸದ ಅಲಗನ್ನು ದಪ್ಪವಾಗಿಯೇ ಮಾಡಬೇಕು. ಅಲಗು ದಪ್ಪವಾದಷ್ಟೂ ಕೊಯ್ತ ಅಗಲ, ಕೊಯ್ತ ಅಗಲವಾದಷ್ಟೂ ಹೆಚ್ಚು ಮರವನ್ನು ಪುಡಿ ಮಾಡಬೇಕು, ಆ ಪುಡಿಗೆಲ್ಲ ನಮ್ಮ ತೋಳೇ ದುಡಿಯಬೇಕು. ಎಳೆಯುವ ಗರಗಸದ ಅಲಗು ಕೆಲಸದ ಹೊತ್ತಿನಲ್ಲಿ ಬಿಗಿದುಕೊಂಡಿರುತ್ತದೆ, ಬಾಗುವ ಭಯ ಕಡಿಮೆ. ಆದ್ದರಿಂದ ಅದನ್ನು ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿಸಿದ್ದಾರೆ. ನನ್ನ ಎರಡು ಗರಗಸಗಳ ಕೊಯ್ತವನ್ನು ಒಂದೇ ಹಲಸಿನ ತುಂಡಿನಲ್ಲಿ ಪಕ್ಕಪಕ್ಕ ಹಾಕಿ ನೋಡಿದೆ. ನೂಕುವ ಗರಗಸದ ಸೀಳಿನಲ್ಲಿ ಹಳೆಯ ಎಟಿಎಂ ಕಾರ್ಡು ಸಲೀಸಾಗಿ ಇಳಿದು ಅಲುಗಾಡಿತು. ರ್ಯೋಬಾದ ಸೀಳಿನಲ್ಲಿ ಅದೇ ಕಾರ್ಡು ಎರಡೂ ಕಡೆ ತಾಗಿಕೊಂಡು ನಿಂತಿತು. ಬಲ ಸಾಲದೆಂಬ ಮಾತಿಗೆ ನನ್ನ ಉತ್ತರ ಆ ಎರಡು ಸೀಳುಗಳಲ್ಲೇ ಇದೆ.

ನೂಕುವ ಗರಗಸಕ್ಕೆ ಸಲ್ಲಬೇಕಾದ ಒಂದು ಹೊಗಳಿಕೆ ಇದೆ. ಹಲ್ಲು ಮೊಂಡಾದರೆ ಮೂರು ಮೂಲೆಯ ಅರದಿಂದ ಮತ್ತೆ ಹರಿತ ಮಾಡಬಹುದು. ಹಲ್ಲಿನ ತುದಿಯನ್ನು ವಿಶೇಷವಾಗಿ ಗಡಸು ಮಾಡಿದವುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಹಲ್ಲು ಕಪ್ಪುನೀಲಿಯಾಗಿ ಕಂಡರೆ ಅದು ಅರಕ್ಕೆ ಬಗ್ಗದ ಜಾತಿ.

ಜಿಗ್‌ಸಾ ಬಗ್ಗೆ ಬೇಗ ಮುಗಿಸುತ್ತೇನೆ. ಬಾಗಿದ ಗೆರೆಯನ್ನು ಕೊಯ್ಯಲು ಈ ಮೂರರಲ್ಲಿ ಅದೊಂದೇ ಗತಿ, ಅಲ್ಲಿ ಅದಕ್ಕೆ ಎದುರಾಳಿಯಿಲ್ಲ. ಆದರೆ ಅಲಗು ಒಂದೇ ತುದಿಯಲ್ಲಿ ಹಿಡಿತದಲ್ಲಿರುವುದರಿಂದ ದಪ್ಪ ಮರದೊಳಗೆ ಅದರ ಕೆಳತುದಿ ತನಗೆ ಬೇಕಾದ ಕಡೆ ಸರಿಯುತ್ತದೆ. ಒಂದೂವರೆ ಇಂಚು ದಪ್ಪದ ಹಲಸನ್ನು ಕೊಯ್ದಾಗ ಮೇಲಿನ ಗೆರೆ ನೆಟ್ಟಗೆ, ಅಡಿಯ ಗೆರೆ ಸೊಟ್ಟಗೆ. ಅದನ್ನು ಸರಿಪಡಿಸಲು ಮರ ಹೆರೆಯುವ ಹತ್ತರಿ ಹಿಡಿದು ಕೂತರೆ ಯಂತ್ರ ಉಳಿಸಿದ ಸಮಯವೆಲ್ಲ ಅಲ್ಲೇ ಖರ್ಚು. ಮಾಮೂಲಿ ಬ್ಲೇಡಿನ ಹಲ್ಲು ಮೇಲ್ಮುಖವಾಗಿ ಕಚ್ಚುವುದರಿಂದ ಮೇಲಿನ ಮುಖದಲ್ಲಿ ಸಿಬಿರು ಏಳುತ್ತದೆ, ಚೆನ್ನಾಗಿ ಕಾಣಬೇಕಾದ ಮುಖವನ್ನು ಕೆಳಗೆ ಮಾಡಿ ಕೊಯ್ಯಬೇಕು. ಇನ್ನು ಸದ್ದು. ರಾತ್ರಿ ಎಂಟರ ಮೇಲೆ ಅದನ್ನು ಚಾಲೂ ಮಾಡಲು ನನಗೆ ಮನಸ್ಸೇ ಬರುವುದಿಲ್ಲ, ನನಗೆ ಬಿಡುವು ಸಿಗುವುದೇ ಆಮೇಲೆ. ದುಪಟ್ಟಾ, ಬಳೆ, ಬಿಟ್ಟ ಜಡೆ ಇವನ್ನೆಲ್ಲ ತೆಗೆದಿಟ್ಟು, ಕಟ್ಟಿಕೊಂಡು, ಕಿವಿಗೆ ಕಣ್ಣಿಗೆ ರಕ್ಷಣೆ ಹಾಕಿಕೊಂಡೇ ಯಂತ್ರ ಮುಟ್ಟಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ದೂಳಿನ ಮಾತು: ಮುಖಗವಸು ಮೂರಕ್ಕೂ ಬೇಕು, ಸಣ್ಣ ಅಳತೆಯದನ್ನೇ ಹುಡುಕಿ ಕೊಳ್ಳಿ.

ಈಗ ರ್ಯೋಬಾ. ಒಂದು ಅಂಚಿನ ಹಲ್ಲು ಮರದ ಎಳೆಯ ಉದ್ದಕ್ಕೆ ಸೀಳಲು, ಇನ್ನೊಂದು ಅಂಚಿನದು ಎಳೆಗೆ ಅಡ್ಡಲಾಗಿ ಕೊಯ್ಯಲು. ಎರಡು ಗರಗಸದ ಕೆಲಸ ಒಂದರಲ್ಲೇ. ಹಿಡಿ ಉದ್ದನೆಯದು, ಬೆತ್ತ ಸುತ್ತಿದ್ದು. ಯಾವ ಅಳತೆಯ ಕೈಯೂ ತನಗೆ ಬೇಕಾದಲ್ಲಿ ಹಿಡಿದುಕೊಳ್ಳಬಹುದು, ಬೇಕಾದರೆ ಎರಡೂ ಕೈಯಲ್ಲಿ. ಬೆರಳಿಗೆ ಚೌಕಟ್ಟು ಹಾಕುವ ತೂತೇ ಇಲ್ಲದಿರುವುದು ನನಗೆ ದೊಡ್ಡ ಬಿಡುಗಡೆ. ಸದ್ದು ಪಕ್ಕದ ಕೋಣೆಯನ್ನೂ ದಾಟುವುದಿಲ್ಲ.

ಆದರೆ ಇದನ್ನು ಕೊಂಡ ಪ್ರತಿಯೊಬ್ಬರೂ ಎದುರಿಸುವ, ಮಾರುವವರು ಯಾರೂ ಹೇಳದ ಒಂದು ಕಿರಿಕಿರಿ ಇದೆ. ಎಳೆದರೆ ಮರವೂ ಜೊತೆಗೆ ಬರುತ್ತದೆ.

ಮರವನ್ನು ತಡೆದು ನಿಲ್ಲಿಸುವ ಸಾಮಾನು, ಮೇಜಿನ ವಿನ್ಯಾಸ, ವೀಡಿಯೊಗಳಲ್ಲಿ ತೋರಿಸುವ ಅಭ್ಯಾಸ ಎಲ್ಲವೂ ನೂಕುವ ಗರಗಸಕ್ಕೆ ಹೊಂದಿಕೊಂಡವು. ಮೇಜಿನ ಮೇಲಿಡುವ ತಡೆಹಲಗೆಯನ್ನೇ ನೋಡಿ. ಅಡಿಯಲ್ಲಿರುವ ಪಟ್ಟಿ ನಮ್ಮ ಹೊಟ್ಟೆಯ ಕಡೆಯ ಮೇಜಿನಂಚಿಗೆ ಕಚ್ಚಿಕೊಳ್ಳುತ್ತದೆ, ಮೇಲಿನ ಪಟ್ಟಿ ಆಚೆ ತುದಿಯಲ್ಲಿರುತ್ತದೆ. ನೂಕಿದಾಗ ಮರ ಆ ಪಟ್ಟಿಗೆ ಒತ್ತಿಕೊಂಡು ಅಲುಗದೆ ನಿಲ್ಲುತ್ತದೆ. ಎಳೆಯುವ ಗರಗಸ ಹಿಡಿದಾಗ ಇದೆಲ್ಲ ತಿರುವುಮುರುವು. ಮರ ಪಟ್ಟಿಯನ್ನು ಬಿಟ್ಟು ಒಂದಿಷ್ಟು ಜರುಗುತ್ತದೆ, ತೆಳ್ಳಗಿನ ಅಲಗು ಅದರ ಜೊತೆ ತಿರುಚಿಕೊಳ್ಳುತ್ತದೆ, ಎಡಗೈ ಮರವನ್ನು ಅದುಮಿ ಅದುಮಿ ಸೋಲುತ್ತದೆ. "ಜಪಾನೀ ಗರಗಸ ನೆಟ್ಟಗೆ ಹೋಗುವುದಿಲ್ಲ" ಎಂದು ದೂರುವವರನ್ನು ಕಂಡಿದ್ದೇನೆ. ಗರಗಸ ನೆಟ್ಟಗೇ ಹೋಗುತ್ತಿರುತ್ತದೆ, ಅಡಿಯಲ್ಲಿರುವ ಮರ ಓಡುತ್ತಿರುತ್ತದೆ.

ತಡೆಹಲಗೆಯನ್ನು ತಿರುಗಿಸಿ ಇಟ್ಟರಾಯಿತು ಎಂದು ನಿಮಗೆ ಹೊಳೆದಿರಬಹುದು. ಅಡಿಪಟ್ಟಿ ಮೇಜಿನ ಆಚೆ ಅಂಚಿಗೆ ಕಚ್ಚಬೇಕು, ಮೇಲಿನ ಪಟ್ಟಿ ನಮ್ಮ ಕಡೆ ಬರಬೇಕು. ತರ್ಕ ಸರಿಯಾಗಿದೆ. ಆದರೆ ನನ್ನ ಮೇಜಿನ ಆಚೆ ಅಂಚು ಗೋಡೆಗೆ ತಾಗಿದೆ, ಬಾಲ್ಕನಿಯಲ್ಲಿ ಮೇಜನ್ನು ಮುಂದಕ್ಕೆ ಎಳೆದರೆ ನಿಲ್ಲಲು ಜಾಗವಿಲ್ಲ. ಸಣ್ಣ ಮನೆಗಳಲ್ಲಿ ಕೆಲಸ ಮಾಡುವ ಬಹುಪಾಲು ಹೆಣ್ಣುಮಕ್ಕಳ ಸ್ಥಿತಿ ಇದೇ. ಮನೆಯ ಮಧ್ಯದಲ್ಲಿ ನಮ್ಮ ಮೇಜು ನಿಲ್ಲುವುದಿಲ್ಲ, ಮೂಲೆಯಲ್ಲೋ ಗೋಡೆಗೋ ಒತ್ತಿಕೊಂಡಿರುತ್ತದೆ. ಎರಡು ಕ್ಲಾಂಪ್ ಹಾಕಿ ಬಿಗಿದರೆ ಮರ ಅಲುಗುವುದಿಲ್ಲ ನಿಜ, ಆದರೆ ಪ್ರತಿ ಕೊಯ್ತಕ್ಕೂ ತಿರುಪು ಬಿಚ್ಚಿ ಹಾಕುವುದರಲ್ಲೇ ಸಂಜೆ ಮುಗಿಯುತ್ತದೆ.

ಪರಿಹಾರ ಸಿಕ್ಕಿದ್ದು ಮೇಜು ಬಿಟ್ಟು ನೆಲಕ್ಕೆ ಇಳಿದಾಗ. ಜಪಾನಿನ ಬಡಗಿಗಳು ಈ ಗರಗಸವನ್ನು ತಗ್ಗಾದ ಆಸರೆಗಳ ಮೇಲೆ ಮರವಿಟ್ಟು ಕಾಲಿನಲ್ಲಿ ಒತ್ತಿ ಹಿಡಿದೇ ಬಳಸುತ್ತ ಬಂದವರು. ನಮ್ಮ ಆಚಾರಿಗಳೂ ನೆಲದಲ್ಲಿ ಕುಳಿತು ಪಾದದಿಂದ ಹಲಗೆ ಅದುಮಿ ಕೆಲಸ ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ಮನೆಯಲ್ಲಿ ಈಳಿಗೆಮಣೆಯನ್ನು ಕಾಲಿನಡಿ ಅದುಮಿ ಕುಂಬಳಕಾಯಿ ಹೋಳು ಮಾಡಿದ ಮೈಗೆ ಈ ಭಂಗಿ ಹೊಸದೇ ಅಲ್ಲ. ಒಂದು ಗೇಣಿಗಿಂತ ಕಡಿಮೆ ಎತ್ತರದ ಎರಡು ಆಸರೆ ಮಾಡಿಕೊಂಡೆ, ಅದಕ್ಕೆ ಹೋದದ್ದು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮಾತ್ರ. ಹಲಗೆಯನ್ನು ಅವುಗಳ ಮೇಲಿಟ್ಟು, ಎಡಪಾದವನ್ನು ಅದರ ಮೇಲೆ ಊರಿ, ಗೆರೆಯ ನೇರಕ್ಕೆ ಮುಖ ತಂದು ಎಳೆದರೆ ಮೈಯ ಭಾರವೇ ಮರವನ್ನು ಹಿಡಿಯುತ್ತದೆ. ಕೈಗೆ ಉಳಿಯುವುದು ಗರಗಸವನ್ನು ನೇರ ಇಡುವ ಕೆಲಸವೊಂದೇ. ಸೀರೆಯಲ್ಲಿ ಇದು ಆಗದು, ಸಲ್ವಾರ್ ಅಥವಾ ಪ್ಯಾಂಟ್ ಬೇಕು. ಬರಿಗಾಲು ಬೇಡ, ಬೂಟು ಹಾಕಿ. ಕೊಯ್ಯುವ ಗೆರೆ ಪಾದದಿಂದ ಒಂದು ಗೇಣಾದರೂ ದೂರವಿರಲಿ. ಮಂಡಿನೋವು ಇರುವವರಿಗೆ ಮಾತ್ರ ಈ ದಾರಿ ಹೇಳಲಾರೆ, ಅವರು ಮೇಜನ್ನು ಗೋಡೆಯಿಂದ ಬಿಡಿಸುವುದೇ ಸರಿ.

ರ್ಯೋಬಾದ ಇನ್ನೊಂದು ಶತ್ರು ಮೊಳೆ. ಅದರ ಹಲ್ಲು ಗಡಸು, ಆದ್ದರಿಂದಲೇ ಪೆಡಸು. ಹಳೆಯ ಬಾಗಿಲಿನಲ್ಲಿ ತಲೆ ಮುರಿದು ಒಳಗೇ ಉಳಿದ ಮೊಳೆಗೆ ತಾಗಿದರೆ ನಾಲ್ಕೈದು ಹಲ್ಲು ಒಟ್ಟಿಗೇ ಹೋಗುತ್ತವೆ. ದಾರಕ್ಕೆ ಕಟ್ಟಿದ ಸಣ್ಣ ಅಯಸ್ಕಾಂತವನ್ನು ಹಲಗೆಯ ಮೇಲೆ ತೂಗುಬಿಟ್ಟು ನಿಧಾನವಾಗಿ ಸರಿಸಿ. ಮೇಲ್ಮೈಗೆ ಹತ್ತಿರ ಮೊಳೆಯಿದ್ದರೆ ಅದು ಅತ್ತ ವಾಲುತ್ತದೆ. ಹಲಸಿನಲ್ಲಿ ಕಬ್ಬಿಣದ ಸುತ್ತ ಮರ ಕಪ್ಪಾಗಿರುವುದನ್ನೂ ಗಮನಿಸಿ. ಅನುಮಾನ ಬಂದ ತುಂಡಿಗೆ ನಾನು ಹಳೆಯ ನೂಕುವ ಗರಗಸವನ್ನೇ ಹಿಡಿಯುತ್ತೇನೆ, ಅದಿನ್ನೂ ಮನೆಯಲ್ಲಿರುವುದು ಅದಕ್ಕೇ. ಈ ಬಗೆಯ ಗಡಸು ಹಲ್ಲನ್ನು ಮನೆಯಲ್ಲಿ ಅರ ಹಾಕಿ ಹರಿತ ಮಾಡಲಾಗದು, ಅಲಗನ್ನೇ ಬದಲಿಸಬೇಕು. ಬದಲಿ ಅಲಗು ಪ್ರತ್ಯೇಕವಾಗಿ ಸಿಗುವ ಮಾದರಿಯನ್ನೇ ಕೊಳ್ಳಿ.

ಬೆಲೆಯ ಮಾತು. ನೂಕುವ ಗರಗಸಕ್ಕೆ ನಾನು ಕೊಟ್ಟದ್ದು 500 ರೂಪಾಯಿಗಿಂತ ಕಡಿಮೆ, ರ್ಯೋಬಾಕ್ಕೆ ಅದರ ಮೂರರಷ್ಟು. ಜಿಗ್‌ಸಾ ಕೊಳ್ಳಬೇಕಾದರೆ ಇವೆರಡಕ್ಕಿಂತಲೂ ಹೆಚ್ಚು ಬೇಕು, ಮೇಲೆ ಬ್ಲೇಡಿನ ಖರ್ಚು. ತಿಂಗಳ ಮನೆಖರ್ಚಿನಿಂದ ಉಳಿಸಿದ ದುಡ್ಡಿನಲ್ಲಿ ಉಪಕರಣ ಕೊಳ್ಳುವ ನನಗೆ ಮೂರರಷ್ಟು ಎನ್ನುವುದು ಸಣ್ಣ ಮಾತಲ್ಲ. ಆದರೂ ಅಗ್ಗದ ಗರಗಸ ವಾರವಿಡೀ ಗೋಡೆಗೆ ತೂಗಾಡುತ್ತದೆ, ಇದು ದಿನವೂ ಕೆಳಗಿಳಿಯುತ್ತದೆ.

ಪ್ಲೈವುಡ್ ಹಾಳೆಗಳನ್ನೇ ಹೆಚ್ಚು ಬಳಸುವವರಿಗೆ ಈ ಮೂರೂ ಬೇಡ. ಅಂಗಡಿಯಲ್ಲೇ ಅಳತೆ ಕೊಟ್ಟು ಕೊಯ್ಯಿಸಿಕೊಂಡು ಬನ್ನಿ. ಯಂತ್ರಗಳ ಮೇಲೇ ಕೆಲಸ ಮಾಡುವ ಆಸೆಯಿದ್ದವರು ಮನೆಯಲ್ಲಿ ಒಬ್ಬರೇ ಜಿಗ್‌ಸಾ ಹಿಡಿದು ಕಲಿಯುವುದಕ್ಕಿಂತ ತರಬೇತಿಗೆ ಹೋಗುವುದು ಮೇಲು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಕೇಂದ್ರವೇ ಇದೆ, ವಿಚಾರಿಸಿ ನೋಡಿ.

ಕೈಯಲ್ಲಿ 3,000 ರೂಪಾಯಿ ಇಟ್ಟುಕೊಂಡು ಹೊರಟವರಿಗೆ ನನ್ನ ಪಟ್ಟಿ ಹೀಗಿದೆ: 240 ಮಿಲಿಮೀಟರಿನ ರ್ಯೋಬಾ, ಲಂಬಕೋನದ ಗೆರೆ ಹಾಕಲು ಒಂದು ಮೂಲೆಮಟ್ಟ, ಎರಡು ಸಣ್ಣ ಕ್ಲಾಂಪ್, ಒಂದು ಅಯಸ್ಕಾಂತ. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ: ಹಲಗೆಯ ನೇರ ಅಂಚಿಗೆ ಆನಿಸಿ ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಿಂದ ಇನ್ನೊಂದು ಎಳೆಯಿರಿ. ಎರಡು ಗೆರೆಗಳು ಒಂದರ ಮೇಲೊಂದು ಕೂರದಿದ್ದರೆ ಬೇರೆ ಮೂಲೆಮಟ್ಟ ಕೇಳಿ. ಅಂಗಡಿಯವರು ಹುಬ್ಬೇರಿಸಿದರೂ ನಿಧಾನವಾಗಿ ನೋಡಿಯೇ ಕೊಳ್ಳಿ.